ಹನ್ನೆರಡು ಹಾಡು, ಎರಡು ಹೆಸರು: ‘ದಿ ಚಿರ್ಪಿಂಗ್ ಕ್ರಿಕೆಟ್ಸ್’ ಆಲ್ಬಮ್ಮಿನ ಪ್ರಕರಣ

1957ರ ನವೆಂಬರಿನಲ್ಲಿ ಅಮೆರಿಕದ ರೆಕಾರ್ಡ್ ಅಂಗಡಿಗಳಲ್ಲಿ ಎರಡು ಸಿಂಗಲ್‌ಗಳು, ಅಂದರೆ ಬದಿಗೊಂದೇ ಹಾಡಿನ ಸಣ್ಣ ತಟ್ಟೆಗಳು, ಒಟ್ಟಿಗೇ ಮಾರಾಟವಾಗುತ್ತಿದ್ದವು. ಒಂದು ಬ್ರನ್ಸ್‌ವಿಕ್ ಲೇಬಲ್ಲಿನದು. ಹಾಡು ‘ಓ ಬಾಯ್!’, ಹಾಡಿದವರು ‘ದಿ ಕ್ರಿಕೆಟ್ಸ್’. ಇನ್ನೊಂದು ಕೋರಲ್ ಲೇಬಲ್ಲಿನದು. ಹಾಡು ‘ಪೆಗ್ಗಿ ಸೂ’, ಹಾಡಿದವನು ಬಡ್ಡಿ ಹೋಲಿ. ಎರಡೂ ತಟ್ಟೆಗಳಲ್ಲಿ ಹಾಡುತ್ತಿದ್ದವನು ಒಬ್ಬನೇ ಹುಡುಗ. ಜೊತೆಗೆ ನುಡಿಸುತ್ತಿದ್ದವರು ಅದೇ ಗೆಳೆಯರು. ಧ್ವನಿಮುದ್ರಣ ಆದದ್ದು ಅದೇ ಸ್ಟುಡಿಯೊದಲ್ಲಿ. ಎರಡು ಲೇಬಲ್ಲುಗಳ ಒಡೆತನವೂ ಒಂದೇ ಕಂಪನಿಯದು. ಆದರೆ ತಟ್ಟೆಯ ನಡುವಿನ ಕಾಗದ ಓದಿ ಇದನ್ನು ತಿಳಿಯುವ ದಾರಿ ಇರಲಿಲ್ಲ.

ಅದೇ ತಿಂಗಳ 27ರಂದು ‘ದಿ ಚಿರ್ಪಿಂಗ್ ಕ್ರಿಕೆಟ್ಸ್’ ಆಲ್ಬಂ ಹೊರಬಂತು. ಹನ್ನೆರಡು ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಆಗದು. ರಾಕ್ ಅಂಡ್ ರೋಲ್‌ನ ಆರಂಭದ ವರ್ಷಗಳ ಆಲ್ಬಂಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವುದು ಇದನ್ನೇ. ಹಾಡುಗಳ ಸೊಗಸು ಮೊದಲ ಸಲವೇ ಹಿಡಿಯಿತು. ಇದರ ಮೇಲೆ ಯಾರ ಹೆಸರಿದೆ, ಯಾರ ಹೆಸರಿಲ್ಲ, ಅದು ಹಾಗೇಕಾಯಿತು ಎಂಬ ಪ್ರಶ್ನೆ ಮಾತ್ರ ತಡವಾಗಿ ಹುಟ್ಟಿತು, ಹುಟ್ಟಿದ ಮೇಲೆ ಬಿಡಲಿಲ್ಲ. ಈ ಬರಹ ಅದರ ಬೆನ್ನು ಹತ್ತಿದ್ದು.

ಲಬ್ಬಕ್‌ನಿಂದ ನ್ಯಾಶ್‌ವಿಲ್‌ಗೆ

ಚಾರ್ಲ್ಸ್ ಹಾರ್ಡಿನ್ ಹೋಲಿ ಹುಟ್ಟಿದ್ದು 1936ರ ಸೆಪ್ಟೆಂಬರ್ 7ರಂದು, ಟೆಕ್ಸಸ್ ರಾಜ್ಯದ ಲಬ್ಬಕ್‌ನಲ್ಲಿ. ಹತ್ತಿ ಬೆಳೆಯುವ ಬಯಲುಸೀಮೆ, ಧೂಳು ಗಾಳಿಯ ಊರು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು, ಹಾಗಾಗಿ ಎಲ್ಲರ ಬಾಯಲ್ಲಿ ಬಡ್ಡಿ. ಹೈಸ್ಕೂಲಿನಲ್ಲಿರುವಾಗಲೇ ಗೆಳೆಯನ ಜೊತೆ ಊರಿನ ರೇಡಿಯೊದಲ್ಲಿ ಕಂಟ್ರಿ ಹಾಡುಗಳನ್ನು ಹಾಡುತ್ತಿದ್ದ. 1955ರಲ್ಲಿ ಎಲ್ವಿಸ್ ಪ್ರೀಸ್ಲಿ ಲಬ್ಬಕ್‌ಗೆ ಬಂದಾಗ ಅದೇ ವೇದಿಕೆಯಲ್ಲಿ ಮೊದಲಿಗೆ ಹಾಡುವ ಅವಕಾಶ ಸಿಕ್ಕಿತು. ಅಲ್ಲಿಂದ ಮುಂದೆ ಅವನು ಹಾಡುವ ಧಾಟಿಯೇ ಬೇರೆಯಾಯಿತು. ಅಣ್ಣನಿಂದ ಸಾಲ ತೆಗೆದು ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್ ಕೊಂಡ.

1956ರ ಆರಂಭದಲ್ಲಿ ಡೆಕ್ಕಾ ಕಂಪನಿ ಅವನೊಡನೆ ಕರಾರು ಮಾಡಿಕೊಂಡಿತು. ಕಾಗದದಲ್ಲಿ ಅವನ ಮನೆತನದ ಹೆಸರು ತಪ್ಪಾಗಿ ಬಿತ್ತು. ಇಂಗ್ಲಿಷಿನಲ್ಲಿ ಆ ಹೆಸರಿನ ಕೊನೆಯಲ್ಲಿ ‘ವೈ’ಗೆ ಮುಂಚೆ ಒಂದು ‘ಇ’ ಇರಬೇಕು. ಕರಾರಿನಲ್ಲಿ ಆ ‘ಇ’ ಬಿಟ್ಟುಹೋಗಿತ್ತು. ಅವನು ತಿದ್ದಿಸಲು ಹೋಗಲಿಲ್ಲ, ಹಾಡುಗಾರನಾಗಿ ಆ ಹೊಸ ಹೆಸರನ್ನೇ ಇಟ್ಟುಕೊಂಡ. ಜಗತ್ತು ಇವತ್ತಿಗೂ ಅವನನ್ನು ಕರೆಯುವುದು ಒಬ್ಬ ಗುಮಾಸ್ತನ ಕೈತಪ್ಪಿನಿಂದ ಹುಟ್ಟಿದ ಹೆಸರಿನಲ್ಲಿ.

ಆ ವರ್ಷ ನ್ಯಾಶ್‌ವಿಲ್‌ನಲ್ಲಿ ಓವನ್ ಬ್ರಾಡ್ಲಿ ನಿರ್ಮಾಪಕರಾಗಿ ಮೂರು ಸಲ ಧ್ವನಿಮುದ್ರಣ ನಡೆಯಿತು: ಜನವರಿ, ಜುಲೈ, ನವೆಂಬರ್. ಬ್ರಾಡ್ಲಿ ಕಂಟ್ರಿ ಸಂಗೀತದ ದೊಡ್ಡ ಕಸುಬುದಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಹುಡುಗ ತಂದದ್ದು ಬೇರೆ ಸರಕು. ಜುಲೈ 22ರಂದು ‘ದಟ್ಲ್ ಬಿ ದ ಡೇ’ ಹಾಡನ್ನು ಮೊದಲ ಸಲ ಮುದ್ರಿಸಿದರು. ಹೋಲಿ ಮತ್ತು ಡ್ರಮ್ ಬಾರಿಸುವ ಗೆಳೆಯ ಜೆರಿ ಆಲಿಸನ್ ಲಬ್ಬಕ್‌ನ ಟಾಕೀಸಿನಲ್ಲಿ ಜಾನ್ ವೇನ್ ನಟಿಸಿದ ‘ದ ಸರ್ಚರ್ಸ್’ ನೋಡಿ ಬಂದಿದ್ದರು. ಅದರಲ್ಲಿ ವೇನ್ ಮತ್ತೆ ಮತ್ತೆ ಆಡುವ ಮಾತು ಇದು. ಆಗದ ಮಾತನ್ನು ಯಾರಾದರೂ ಆಡಿದಾಗ ನಾವು ‘ಹೂಂ, ಆದಾಗ ನೋಡೋಣ’ ಎಂದು ತಳ್ಳಿಹಾಕುತ್ತೇವಲ್ಲ, ಅದೇ ಧಾಟಿ. ಆ ಮಾತೇ ಹಾಡಿನ ಪಲ್ಲವಿಯಾಯಿತು.

ನ್ಯಾಶ್‌ವಿಲ್‌ನ ಆ ಮೊದಲ ಮುದ್ರಣ ಈಗಲೂ ಕೇಳಲು ಸಿಗುತ್ತದೆ. ಶ್ರುತಿ ಮೇಲಿದೆ, ಹುಡುಗನ ಗಂಟಲು ಅದನ್ನು ಮುಟ್ಟಲು ಒದ್ದಾಡುತ್ತಿದೆ. ಹಾಡಿನ ಎಲುಬುಗಳೆಲ್ಲ ಅಲ್ಲಿವೆ, ಉಸಿರು ಮಾತ್ರ ಇಲ್ಲ. ಡೆಕ್ಕಾ ಅದನ್ನು ಆಗ ಹೊರತರಲಿಲ್ಲ. ತಂದ ಎರಡು ಸಿಂಗಲ್‌ಗಳು ಎಲ್ಲಿಯೂ ಸದ್ದು ಮಾಡಲಿಲ್ಲ. 1957ರ ಜನವರಿಯಲ್ಲಿ ಕರಾರು ಮುಂದುವರಿಸುವುದಿಲ್ಲ ಎಂದು ಕಂಪನಿ ತಿಳಿಸಿತು.

ಹೋಗುವಾಗ ಒಂದು ಗಂಟು ಮಾತ್ರ ಬಿಟ್ಟುಹೋಯಿತು. ಡೆಕ್ಕಾಗಾಗಿ ಮುದ್ರಿಸಿದ ಯಾವ ಹಾಡನ್ನೂ, ಅದು ಹೊರಬಂದಿರಲಿ ಬಿಡಲಿ, ಐದು ವರ್ಷ ಬೇರೆಯವರಿಗಾಗಿ ಮತ್ತೆ ಮುದ್ರಿಸುವಂತಿಲ್ಲ ಎಂಬ ಷರತ್ತು ಕರಾರಿನಲ್ಲಿತ್ತು. ಇಪ್ಪತ್ತು ವರ್ಷದ ಹುಡುಗನಿಗೆ ಐದು ವರ್ಷ ಎಂದರೆ ಒಂದು ಆಯುಸ್ಸು. ಈ ಹುಡುಗನ ಮಟ್ಟಿಗೆ ಅಷ್ಟು ಆಯುಸ್ಸೂ ಇರಲಿಲ್ಲ.

ಕ್ಲೋವಿಸ್‌ನ ರಾತ್ರಿಗಳು

ಲಬ್ಬಕ್‌ನಿಂದ ವಾಯವ್ಯಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ನ್ಯೂ ಮೆಕ್ಸಿಕೊ ರಾಜ್ಯದ ಕ್ಲೋವಿಸ್ ಸಿಗುತ್ತದೆ. ಅಲ್ಲಿ ನಾರ್ಮನ್ ಪೆಟ್ಟಿ ಎಂಬ ಸಂಗೀತಗಾರ ತನ್ನ ಸ್ವಂತ ಸ್ಟುಡಿಯೊ ಕಟ್ಟಿಕೊಂಡಿದ್ದ. ತನ್ನದೇ ತ್ರಿವಳಿ ತಂಡದಲ್ಲಿ ಆರ್ಗನ್ ನುಡಿಸುತ್ತಿದ್ದ, ಹೆಂಡತಿ ವೈ ಪಿಯಾನೊ ನುಡಿಸುತ್ತಿದ್ದಳು. ಆ ಗಳಿಕೆಯಲ್ಲೇ ಒಳ್ಳೆಯ ಮೈಕು, ಟೇಪ್ ಯಂತ್ರ ಕೊಂಡಿದ್ದ.

ಪೆಟ್ಟಿಯ ಸ್ಟುಡಿಯೊದಲ್ಲಿ ಎರಡು ಸಂಗತಿ ಬೇರೆ ಕಡೆಗಿಂತ ಭಿನ್ನ. ಮೊದಲನೆಯದು ಲೆಕ್ಕದ್ದು. ಬೇರೆಡೆ ಗಂಟೆಗಿಷ್ಟು ಎಂದು ಬಾಡಿಗೆ, ಇಲ್ಲಿ ಹಾಡಿಗಿಷ್ಟು. ಗೋಡೆ ಗಡಿಯಾರ ನೋಡುತ್ತ ಹಾಡುವವನಿಗೂ ಹಾಡು ಕೂಡಿಬರುವವರೆಗೆ ಕೂರಬಹುದೆಂದು ಗೊತ್ತಿರುವವನಿಗೂ ಇರುವ ಅಂತರ ಈ ಆಲ್ಬಮ್ಮಿನ ಪ್ರತಿ ಹಾಡಿನಲ್ಲೂ ಕೇಳುತ್ತದೆ. ಎರಡನೆಯದು ಹೊತ್ತಿನದು. ಹಗಲು ರಸ್ತೆಯ ಲಾರಿಗಳ ಸದ್ದು ಮೈಕಿಗೆ ಬಡಿಯುತ್ತಿತ್ತು. ಹಾಗಾಗಿ ಕೆಲಸವೆಲ್ಲ ರಾತ್ರಿ. ಹದಿಹರೆಯದ ಹುಡುಗರು ಊರೆಲ್ಲ ಮಲಗಿದ ಮೇಲೆ ಬೆಳಗಿನವರೆಗೆ ಒಂದೇ ಹಾಡನ್ನು ತಿದ್ದುತ್ತ ಕೂರುತ್ತಿದ್ದರು. ಪಕ್ಕದ ಗ್ಯಾರೇಜಿನ ಅಟ್ಟವೇ ಪ್ರತಿಧ್ವನಿಯ ಕೋಣೆ. ದನಿಯನ್ನು ಅಲ್ಲಿಗೆ ಕಳಿಸಿ, ಅಲ್ಲಿನ ಗೋಡೆಗಳಿಗೆ ತಾಗಿ ಬಂದದ್ದನ್ನು ಟೇಪಿಗೆ ಸೇರಿಸುತ್ತಿದ್ದರು.

1957ರ ಫೆಬ್ರವರಿ 25ರ ರಾತ್ರಿ ಹೋಲಿ ‘ದಟ್ಲ್ ಬಿ ದ ಡೇ’ಯನ್ನು ಮತ್ತೆ ಹಾಡಿದ. ಶ್ರುತಿ ಇಳಿಸಿದ್ದ. ಗಿಟಾರಿನ ಆ ಜಾರುವ ಆರಂಭ, ಸಡಿಲಾದರೂ ಜೋಲು ಬೀಳದ ತಾಳ, ಪದಗಳ ನಡುವೆ ಅವನ ಆ ಪ್ರಸಿದ್ಧ ಬಿಕ್ಕು, ಎಲ್ಲ ಈಗ ಜಾಗಕ್ಕೆ ಬಂದವು. ಡ್ರಮ್ ಆಲಿಸನ್‌ನದು, ಬಾಸ್ ಲ್ಯಾರಿ ವೆಲ್ಬೋರ್ನ್‌ನದು. ಹಿಂದೆ ಸಹದನಿಯಲ್ಲಿ ನಿಕಿ ಸಲಿವನ್ ಮತ್ತು ಮೂವರು ಪರಿಚಯದವರು. ನ್ಯೂಯಾರ್ಕಿನ ಕಂಪನಿಗಳಿಗೆ ತೋರಿಸಲೆಂದು ಮಾಡಿದ ಮಾದರಿ ಟೇಪ್ ಅದು. ಜಗತ್ತು ಕೇಳಿದ್ದು ಆ ಮಾದರಿಯನ್ನೇ.

ಫೆಬ್ರವರಿ ಮುಗಿಯುವ ಮುಂಚೆ ಹೋಲಿ ಡೆಕ್ಕಾದ ಪಾಲ್ ಕೊಹೆನ್‌ಗೆ ಫೋನ್ ಮಾಡಿ, ಆ ಹಾಡುಗಳನ್ನು ಬಿಟ್ಟುಕೊಡಬಹುದೇ ಎಂದು ಕೇಳಿದ. ಆ ಮಾತುಕತೆಯನ್ನು ತಾನೇ ಟೇಪ್ ಮಾಡಿಕೊಂಡ, ಟೇಪ್ ಇಂದಿಗೂ ಉಳಿದಿದೆ. ಒಪ್ಪಿಗೆ ಸಿಗಲಿಲ್ಲ.

ಕೀಟದ ಹೆಸರು

ಹಾಡು ಕೈಯಲ್ಲಿದೆ, ಹಾಡಿದವನ ಹೆಸರು ಹಾಕುವಂತಿಲ್ಲ. ಹಾಗಾದರೆ ಹೆಸರನ್ನೇ ಬದಲಿಸಬೇಕು. ಹುಡುಗರು ವಿಶ್ವಕೋಶ ತೆರೆದು ಕೀಟಗಳ ಪುಟ ಹುಡುಕಿದರು. ‘ಬೀಟಲ್ಸ್’ ಎಂಬ ಹೆಸರೂ ಅಲ್ಲಿ ಚರ್ಚೆಗೆ ಬಂದು ಬಿದ್ದುಹೋಯಿತು, ದುಂಬಿ ಕಂಡರೆ ಯಾರಾದರೂ ತುಳಿದುಬಿಡುತ್ತಾರೆ ಎಂಬ ಕಾರಣಕ್ಕೆ. ಕೊನೆಗೆ ನಿಂತದ್ದು ‘ಕ್ರಿಕೆಟ್ಸ್’. ನಮ್ಮ ಕಡೆ ಆ ಪದ ಕೇಳಿದೊಡನೆ ಬ್ಯಾಟು, ಚೆಂಡು ಕಣ್ಣಿಗೆ ಬರುತ್ತವೆ. ಅವರಿಗೆ ಅದು ಕತ್ತಲಾದ ಮೇಲೆ ಹುಲ್ಲಿನ ನಡುವೆ ರೆಕ್ಕೆ ಉಜ್ಜಿ ಚಿರ್ ಚಿರ್ ಎನ್ನುವ ಹುಳು. ರಾತ್ರಿಯಿಡೀ ಹಾಡುವ ಹುಡುಗರಿಗೆ ಒಪ್ಪುವ ಹೆಸರೇ.

ಪೆಟ್ಟಿ ಟೇಪನ್ನು ನ್ಯೂಯಾರ್ಕಿಗೆ ಒಯ್ದ. ಸಂಗೀತ ಪ್ರಕಾಶನದ ಮರ್ರಿ ಡಾಯ್ಚ್ ಅದನ್ನು ಕೋರಲ್‌ನ ಬಾಬ್ ಥೀಲ್‌ಗೆ ಕೇಳಿಸಿದರು. ಥೀಲ್‌ಗೆ ಹಿಡಿಸಿತು, ಕಂಪನಿಯ ಮೇಲಿನವರಿಗೆ ಹಿಡಿಸಲಿಲ್ಲ. ಹಾಗಾಗಿ ಕೋರಲ್‌ನಲ್ಲಿ ಬೇಡ, ಜೊತೆಯ ಬ್ರನ್ಸ್‌ವಿಕ್ ಲೇಬಲ್ಲಿನಲ್ಲಿ ಬರಲಿ ಎಂದು ತೀರ್ಮಾನವಾಯಿತು. ಕೋರಲ್ ಮತ್ತು ಬ್ರನ್ಸ್‌ವಿಕ್ ಎರಡೂ ಡೆಕ್ಕಾದ ಕೈಕೆಳಗಿನವು. ಮುಂಬಾಗಿಲಿನಿಂದ ಹೊರಹಾಕಿದ ಹುಡುಗ ಆರು ತಿಂಗಳಾಗುವ ಮೊದಲೇ ಬೇರೆ ಹೆಸರಿನಲ್ಲಿ ಅದೇ ಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಗುಟ್ಟು ಬಯಲಾದ ಮೇಲೂ ಡೆಕ್ಕಾ ತಡೆಯಲಿಲ್ಲ. ಹಣ ಬರುತ್ತಿದ್ದದ್ದು ತನ್ನ ಮನೆಗೇ.

1957ರ ಮೇ 27ರಂದು ‘ದಟ್ಲ್ ಬಿ ದ ಡೇ’ ಸಿಂಗಲ್ ಬಂತು. ಬಿ ಬದಿಯಲ್ಲಿ, ಅಂದರೆ ಹಿಂಬದಿಯಲ್ಲಿ, ‘ಐಯಾಮ್ ಲುಕಿಂಗ್ ಫಾರ್ ಸಮ್‌ಒನ್ ಟು ಲವ್’. ನಿಧಾನವಾಗಿ ಏರಿ ಸೆಪ್ಟೆಂಬರ್ 23ರ ವಾರ ಬಿಲ್‌ಬೋರ್ಡ್ ಎಂಬ ಅಮೆರಿಕದ ಸಂಗೀತ ಪತ್ರಿಕೆಯ ಅಂಗಡಿ ಮಾರಾಟದ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಬಂತು. ಕಪ್ಪು ಜನರ ಮಾರುಕಟ್ಟೆಯ ಲೆಕ್ಕ ಹಿಡಿಯುತ್ತಿದ್ದ ಆರ್ ಅಂಡ್ ಬಿ ಪಟ್ಟಿಯಲ್ಲೂ 2ನೇ ಸ್ಥಾನ ಮುಟ್ಟಿತು. ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಮೂರು ವಾರ 1ನೇ ಸ್ಥಾನದಲ್ಲಿತ್ತು.

ಆರ್ ಅಂಡ್ ಬಿ ಪಟ್ಟಿಯ ಮಾತು ಬಂದದ್ದರಿಂದ ಒಂದು ವಿಷಯ. ಆ ಆಗಸ್ಟಿನಲ್ಲಿ ಈ ನಾಲ್ವರು ಬಿಳಿಯ ಹುಡುಗರು ವಾಷಿಂಗ್ಟನ್, ಬಾಲ್ಟಿಮೋರ್, ನ್ಯೂಯಾರ್ಕಿನ ಅಪೊಲೊ ಮುಂತಾದ ಕಪ್ಪು ಪ್ರೇಕ್ಷಕರ ರಂಗಮಂದಿರಗಳಲ್ಲಿ ಹಾಡಿದರು. ಅಪೊಲೊದಲ್ಲಿ ಮೊದಮೊದಲು ತಣ್ಣಗಿದ್ದ ಸಭೆ ದಿನ ಕಳೆದಂತೆ ಒಲಿಯಿತು. ಶರತ್ಕಾಲದಲ್ಲಿ ಫ್ಯಾಟ್ಸ್ ಡಾಮಿನೊ, ಚಕ್ ಬೆರಿ, ಲವರ್ನ್ ಬೇಕರ್ ಮೊದಲಾದವರ ಜೊತೆ ದೊಡ್ಡ ಪ್ರವಾಸ. ದಕ್ಷಿಣದ ಕೆಲವು ಊರುಗಳಲ್ಲಿ ಬಿಳಿಯರೂ ಕರಿಯರೂ ಒಂದೇ ವೇದಿಕೆ ಹತ್ತಬಾರದೆಂಬ ಕಾನೂನು ಇದ್ದದ್ದರಿಂದ ಅಲ್ಲಿನ ಪ್ರದರ್ಶನಗಳಿಂದ ಬಿಳಿಯ ಕಲಾವಿದರು ಹೊರಗುಳಿಯಬೇಕಾಯಿತು. ತಾಳ ಒಂದೇ, ವೇದಿಕೆ ಒಂದಾಗುವಂತಿರಲಿಲ್ಲ.

ತಟ್ಟೆಯ ಎರಡು ಬದಿ

ಆಲ್ಬಮ್ಮಿನ ಹಾಡುಗಳ ಪಟ್ಟಿಯನ್ನು ಸಿಂಗಲ್‌ಗಳ ಜೊತೆ ಇಟ್ಟು ನೋಡಿದರೆ ಒಂದು ಲೆಕ್ಕ ಹೊರಡುತ್ತದೆ. ಹನ್ನೆರಡರಲ್ಲಿ ಆರು ಹಾಡುಗಳು ಮೂರು ಸಿಂಗಲ್‌ಗಳ ಎರಡು ಬದಿಗಳು. ಮೇ ತಿಂಗಳ ತಟ್ಟೆಯ ಎರಡು. ಅಕ್ಟೋಬರ್ ಕೊನೆಯಲ್ಲಿ ಬಂದ ‘ಓ ಬಾಯ್!’ ಮತ್ತು ಅದರ ಹಿಂಬದಿಯ ‘ನಾಟ್ ಫೇಡ್ ಅವೇ’. ಆಲ್ಬಂ ಬಂದ ಮೇಲೆ, 1958ರ ಫೆಬ್ರವರಿಯಲ್ಲಿ ಹೊರಟ ‘ಮೇಬಿ ಬೇಬಿ’ ಮತ್ತು ‘ಟೆಲ್ ಮಿ ಹೌ’. ಆ ಕಾಲಕ್ಕೆ ಎಲ್‌ಪಿ, ಅಂದರೆ ಹಲವು ಹಾಡುಗಳ ದೊಡ್ಡ ತಟ್ಟೆ, ದೊಡ್ಡವರ ಸರಕು. ಹುಡುಗರ ಕೈಯ ಪುಡಿಕಾಸಿಗೆ ದಕ್ಕುತ್ತಿದ್ದದ್ದು 45 ಆರ್‌ಪಿಎಂನ ಸಣ್ಣ ತಟ್ಟೆ. ಹಾಗಾಗಿ ರಾಕ್ ಅಂಡ್ ರೋಲ್ ಆಲ್ಬಂ ಎಂದರೆ ಓಡಿದ ಸಿಂಗಲ್‌ಗಳನ್ನು ಕಟ್ಟಿ, ಉಳಿದ ಜಾಗಕ್ಕೆ ಏನಾದರೂ ತುಂಬುವುದು ಎಂದೇ ಲೆಕ್ಕ. ಈ ಆಲ್ಬಮ್ಮೂ ಹಾಗೆಯೇ ಹುಟ್ಟಿತು. ಆದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಗಾಳಿ ಬೀಸುತ್ತದೆ, ತುಂಬಿಸಿದ್ದು ಎನ್ನಿಸುವ ಹಾಡು ಒಂದೆರಡಕ್ಕಿಂತ ಹೆಚ್ಚು ಇಲ್ಲ.

‘ಓ ಬಾಯ್!’ ಈ ತಂಡದವರು ಬರೆದದ್ದಲ್ಲ, ಸನಿ ವೆಸ್ಟ್ ಮತ್ತು ಬಿಲ್ ಟಿಲ್‌ಮನ್ ಬರೆದದ್ದು. ಅಮೆರಿಕದ ಪಟ್ಟಿಯಲ್ಲಿ 10ನೇ ಸ್ಥಾನ, ಬ್ರಿಟನ್ನಿನಲ್ಲಿ 3. ಎರಡೇ ನಿಮಿಷದ ಹಾಡು. ಉಸಿರು ಬಿಗಿಹಿಡಿದು ಓಡುವ ಹುಡುಗನ ಹಾಗೆ ಇದೆ, ಆಲ್ಬಂ ಶುರುವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಅದರ ಹಿಂಬದಿಯ ಹಾಡಿನ ಹತ್ತಿರ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ‘ನಾಟ್ ಫೇಡ್ ಅವೇ’ ಕೇಳುವಾಗ ಡ್ರಮ್ಮಿನ ಸದ್ದಿಗಾಗಿ ಕಿವಿಗೊಟ್ಟು ನೋಡಿ. ಆಲಿಸನ್ ಬಾರಿಸುತ್ತಿರುವುದು ಒಂದು ರಟ್ಟಿನ ಪೆಟ್ಟಿಗೆ. ತಾಳ ಗಾಯಕ ಬೋ ಡಿಡ್ಲಿ 1955ರಲ್ಲಿ ಮನೆಮಾತು ಮಾಡಿದ್ದು. ಕೈಯಲ್ಲೇ ತಟ್ಟಿ ನೋಡಬಹುದು: ಬಿಡಿಬಿಡಿಯಾಗಿ ಮೂರು ಪೆಟ್ಟು, ಒಂದು ತಡೆ, ಆಮೇಲೆ ಎರಡು. ಹೋಲಿ ಒಂದು ಸಾಲು ಹಾಡುತ್ತಾನೆ, ಗಿಟಾರ್ ಮತ್ತು ಸಹದನಿಗಳು ಆ ಐದು ಪೆಟ್ಟಿನಲ್ಲಿ ಉತ್ತರ ಕೊಡುತ್ತವೆ. ಮತ್ತೆ ಸಾಲು, ಮತ್ತೆ ಉತ್ತರ. ನಡುವೆ ಎಷ್ಟು ಖಾಲಿ ಜಾಗ ಬಿಟ್ಟಿದ್ದಾರೆಂದರೆ, ಕೇಳುವವನ ಕಾಲು ತಾನಾಗಿ ಆ ಜಾಗಕ್ಕೆ ಹೋಗಿ ಬೀಳುತ್ತದೆ. ಬಿ ಬದಿಯದಾದ್ದರಿಂದ ಪಟ್ಟಿಗೆ ಏರಲಿಲ್ಲ. ಆದರೆ 1964ರಲ್ಲಿ ರೋಲಿಂಗ್ ಸ್ಟೋನ್ಸ್ ಇದನ್ನು ಎ ಬದಿಗೆ ತಂದು ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ ಮುಟ್ಟಿಸಿದರು. ಗ್ರೇಟ್‌ಫುಲ್ ಡೆಡ್ ತಂಡ ಮುಂದಿನ ದಶಕಗಳಲ್ಲಿ ನೂರಾರು ಕಛೇರಿಗಳಲ್ಲಿ ಇದನ್ನು ನುಡಿಸಿತು. ತಟ್ಟೆಯ ಮೇಲೆ ರಚನೆಕಾರರ ಜಾಗದಲ್ಲಿ ಇರುವ ಹೆಸರುಗಳು ಎರಡು: ಒಂದು ಪೆಟ್ಟಿ, ಇನ್ನೊಂದು ಚಾರ್ಲ್ಸ್ ಹಾರ್ಡಿನ್. ಎರಡನೆಯವನು ನಮ್ಮ ಹುಡುಗನೇ, ಮನೆತನದ ಹೆಸರು ಕಳಚಿ, ಅಪ್ಪ ಅಮ್ಮ ಇಟ್ಟ ಮೊದಲೆರಡು ಹೆಸರುಗಳನ್ನು ಮಾತ್ರ ಹೊದ್ದು ನಿಂತವನು.

‘ಮೇಬಿ ಬೇಬಿ’ ಅಮೆರಿಕದಲ್ಲಿ 17, ಬ್ರಿಟನ್ನಿನಲ್ಲಿ 4. ನನಗೆ ಇದು ಆಲ್ಬಮ್ಮಿನ ಅತಿ ಮುದ್ದಾದ ಹಾಡು. ಸಹದನಿಗಳ ಮೇಲೆ ಅವನ ದನಿ ತೇಲಿಬರುವ ರೀತಿಯಲ್ಲಿ ಬೇಡಿಕೆಯೂ ಇದೆ, ಭರವಸೆಯೂ ಇದೆ.

ಚಿಲಿಪಿಲಿ ಯಾರದು?

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ ಇದು. ಆಲ್ಬಮ್ಮಿನ ಹೆಸರಿನಲ್ಲಿರುವ ‘ಚಿರ್ಪಿಂಗ್’ ಎಂದರೆ ಚಿಲಿಪಿಲಿಗುಟ್ಟುವುದು. ಹೊದಿಕೆಯ ಮೇಲೆ ನೀಲಿ ಆಕಾಶದ ಕೆಳಗೆ ಬೂದು ಸೂಟು ತೊಟ್ಟ ನಾಲ್ವರು: ಹೋಲಿ, ಆಲಿಸನ್, ಬಾಸ್ ನುಡಿಸುವ ಜೋ ಬಿ. ಮಾಲ್ಡಿನ್, ಎರಡನೇ ಗಿಟಾರಿನ ನಿಕಿ ಸಲಿವನ್. ಕೈಯಲ್ಲಿ ಗಿಟಾರುಗಳು. ಮಾಲ್ಡಿನ್‌ಗೆ ಆಗ 17 ವರ್ಷ, ಆಲಿಸನ್‌ಗೆ 18. ನೋಡಿದವರು ಹಿಂದಿನಿಂದ ಕೇಳುವ ಆ ಹಿತವಾದ ಸಹದನಿಗಳು ಇವರದೇ ಎಂದುಕೊಳ್ಳುತ್ತಾರೆ. ಅಲ್ಲ. ಹನ್ನೆರಡು ಹಾಡುಗಳಲ್ಲಿ ಒಂಬತ್ತರಲ್ಲಿ ಆ ದನಿಗಳು ‘ದ ಪಿಕ್ಸ್’ ಎಂಬ ಮೂವರದು: ಬಿಲ್ ಪಿಕರಿಂಗ್, ಜಾನ್ ಪಿಕರಿಂಗ್, ಬಾಬ್ ಲ್ಯಾಪಮ್. ಕ್ರಿಕೆಟ್ಸ್ ಹುಡುಗರು ಹಾಡಿ ನುಡಿಸಿ ಹೊರಟುಹೋದ ಮೇಲೆ ಪೆಟ್ಟಿ ಇವರನ್ನು ಕ್ಲೋವಿಸ್‌ಗೆ ಕರೆಸಿ, ಟೇಪಿನ ಮೇಲೆ ಇನ್ನೊಂದು ಪದರವಾಗಿ ಹಾಡಿಸಿದ. ಹೊದಿಕೆಯ ಮೇಲೆ ಅವರ ಹೆಸರಿಲ್ಲ.

ಕೀಟದ ಹೆಸರು ಹೊತ್ತವರು ಒಬ್ಬರು, ಚಿಲಿಪಿಲಿ ಇನ್ನೊಬ್ಬರದು. ಹೋಲಿಯ ಹೆಸರನ್ನು ತಂಡದ ಹಿಂದೆ ಮರೆಮಾಡಿದ ಹಾಗೆಯೇ, ಪಿಕ್ಸ್‌ನವರ ಹೆಸರು ಆ ತಂಡದ ಹಿಂದೆ ಮರೆಯಾಯಿತು. ಹೋಲಿಗೆ ಮರೆ ಬೇಕಿತ್ತು, ಅದರಿಂದ ಲಾಭವೂ ಆಯಿತು. ಈ ಮೂವರಿಗೆ ಎರಡೂ ಇಲ್ಲ.

ಪ್ರವಾಸದ ಒತ್ತಡದಲ್ಲಿ ಆಲ್ಬಮ್ಮಿಗೆ ಹಾಡು ಸಾಲದೆ ಬಂದಾಗ ಪೆಟ್ಟಿ ತನ್ನ ಯಂತ್ರಗಳನ್ನು ಒಕ್ಲಹೋಮ ಸಿಟಿಗೆ ಹೊತ್ತು ಹೋದ. ಸೆಪ್ಟೆಂಬರ್ ಕೊನೆಯ ಬಿಡುವಿನಲ್ಲಿ, ಟಿಂಕರ್ ವಾಯುಪಡೆ ನೆಲೆಯ ಅಧಿಕಾರಿಗಳ ಕ್ಲಬ್ಬಿನಲ್ಲಿ ನಾಲ್ಕು ಹಾಡುಗಳ ಮುದ್ರಣವಾಯಿತು. ‘ಮೇಬಿ ಬೇಬಿ’, ‘ಯೂವ್ ಗಾಟ್ ಲವ್’, ‘ಆನ್ ಎಂಪ್ಟಿ ಕಪ್’, ‘ರಾಕ್ ಮಿ ಮೈ ಬೇಬಿ’. ಎರಡನೆಯ ಮತ್ತು ಮೂರನೆಯ ಹಾಡಿನ ರಚನೆಯಲ್ಲಿ ರಾಯ್ ಆರ್ಬಿಸನ್ ಪಾಲಿದೆ, ಅವನೂ ಟೆಕ್ಸಸ್‌ನವನೇ, ಆಗಿನ್ನೂ ದೊಡ್ಡ ಹೆಸರಾಗಿರಲಿಲ್ಲ. ಇಷ್ಟು ಚದುರಿದ ಜಾಗಗಳಲ್ಲಿ, ಇಷ್ಟು ಪದರಗಳಲ್ಲಿ ಕಟ್ಟಿದ ಆಲ್ಬಂ ಒಂದೇ ಕೋಣೆಯಲ್ಲಿ ಒಂದೇ ರಾತ್ರಿ ಹಾಡಿದಂತೆ ಕೇಳಿಸುವುದು ಪೆಟ್ಟಿಯ ಕಿವಿಯ ಹೆಚ್ಚಳ. ಮುಂದೆ ಅವನ ಬಗ್ಗೆ ಕಹಿ ಮಾತು ಬರುವುದಿದೆ, ಹಾಗಾಗಿ ಇದನ್ನು ಇಲ್ಲೇ ಹೇಳಿಬಿಡಬೇಕು.

ಕೋರಲ್‌ನ ಇನ್ನೊಬ್ಬ

ಕ್ರಿಕೆಟ್ಸ್ ತಂಡ ಬ್ರನ್ಸ್‌ವಿಕ್‌ನಲ್ಲಿ ನೆಲೆಯಾದ ಮೇಲೆ ಹೋಲಿ ತನ್ನ ಸ್ವಂತ ಹೆಸರಿನಲ್ಲಿ ಕೋರಲ್‌ಗೆ ಹಾಡತೊಡಗಿದ. ಸ್ಥೂಲವಾಗಿ ಒಂದು ಹಂಚಿಕೆ ಇತ್ತು: ಸಹದನಿ ಇದ್ದರೆ ಕ್ರಿಕೆಟ್ಸ್, ಇಲ್ಲದಿದ್ದರೆ ಬಡ್ಡಿ ಹೋಲಿ. ಒಬ್ಬನದೇ ತಟ್ಟೆಗಳನ್ನು ಸಾಲುಸಾಲಾಗಿ ಹಾಕಲು ರೇಡಿಯೊದವರು ಹಿಂಜರಿಯುತ್ತಿದ್ದ ಕಾಲದಲ್ಲಿ ಎರಡು ಹೆಸರಿದ್ದರೆ ಎರಡು ಪಟ್ಟು ಜಾಗ.

ಮೊದಲ ಪ್ರಯತ್ನ ಜೂನ್ ತಿಂಗಳ ‘ವರ್ಡ್ಸ್ ಆಫ್ ಲವ್’. ಇಲ್ಲಿ ಸಹದನಿಯೂ ಅವನದೇ. ಒಮ್ಮೆ ಹಾಡಿ, ಅದನ್ನು ಕೇಳುತ್ತ ಮತ್ತೆ ಹಾಡಿ, ಎರಡನ್ನೂ ಒಂದೇ ಟೇಪಿಗೆ ಸೇರಿಸಿದ. ಅದು ಓಡಲಿಲ್ಲ. ಸೆಪ್ಟೆಂಬರ್ 20ರಂದು ಬಂದ ‘ಪೆಗ್ಗಿ ಸೂ’ ಬಿಲ್‌ಬೋರ್ಡ್‌ನಲ್ಲಿ 3ನೇ ಸ್ಥಾನ ಮುಟ್ಟಿತು. ಮೊದಲು ಆ ಹಾಡಿನ ಹುಡುಗಿಯ ಹೆಸರು ಸಿಂಡಿ ಲೂ. ಆಲಿಸನ್ ತನ್ನ ಗೆಳತಿಯ ಹೆಸರಿಡಲು ಕೇಳಿಕೊಂಡ. ಡ್ರಮ್ ಕಲಿಯುವವರು ಕೈಪಳಗಲೆಂದು ಬಾರಿಸುವ ಪ್ಯಾರಾಡಿಡ್ಲ್ ಪಾಠವನ್ನೇ ಅವನು ಹಾಡಿನ ಉದ್ದಕ್ಕೂ ಬಾರಿಸಿದ. ಸದ್ದು ಉಳಿದ ಮೈಕುಗಳಿಗೆ ನುಗ್ಗದಿರಲಿ ಎಂದು ಡ್ರಮ್ಮನ್ನು ಹೊರಗಿನ ಕೋಣೆಯಲ್ಲಿ ಇಟ್ಟರು, ಪೆಟ್ಟಿ ಪ್ರತಿಧ್ವನಿಯನ್ನು ಏರಿಸುತ್ತ ಇಳಿಸುತ್ತ ಕೂತ. ಅಲೆಯಂತೆ ಹತ್ತಿರ ಬಂದು ದೂರ ಹೋಗುವ ಆ ಡ್ರಮ್ ಹೀಗೆ ಹುಟ್ಟಿತು. ನಿಕಿ ಸಲಿವನ್ ಈ ಹಾಡಿನಲ್ಲಿ ಗಿಟಾರ್ ನುಡಿಸಲಿಲ್ಲ. ಹೋಲಿಯ ಪಕ್ಕ ಮಂಡಿಯೂರಿ ಕೂತು, ಸೋಲೊ ಬಂದಾಗ ಅವನ ಗಿಟಾರಿನ ಸ್ವಿಚ್ ತಿರುಗಿಸಿದ, ಏಕೆಂದರೆ ಅಷ್ಟು ಬೇಗ ಬಾರಿಸುತ್ತಿದ್ದ ಹೋಲಿಗೆ ಕೈ ಬಿಡುವು ಇರಲಿಲ್ಲ. ಹಿಂಬದಿಯ ‘ಎವ್ರಿಡೇ’ಯಲ್ಲಿ ಡ್ರಮ್ಮೇ ಇಲ್ಲ. ಆಲಿಸನ್ ತನ್ನ ತೊಡೆ ತಟ್ಟುತ್ತಾನೆ, ವೈ ಪೆಟ್ಟಿ ಪಿಯಾನೊದಂಥ ಸೆಲೆಸ್ಟಾ ವಾದ್ಯ ನುಡಿಸುತ್ತಾಳೆ.

ಈ ಎರಡು ಹಾಡುಗಳು ‘ದಿ ಚಿರ್ಪಿಂಗ್ ಕ್ರಿಕೆಟ್ಸ್’ನಲ್ಲಿ ಇಲ್ಲ. 1958ರಲ್ಲಿ ‘ಬಡ್ಡಿ ಹೋಲಿ’ ಎಂಬ ಇನ್ನೊಂದು ಆಲ್ಬಮ್ಮಿಗೆ ಹೋದವು. ಒಂದೇ ಬೇಸಿಗೆಯಲ್ಲಿ, ಒಂದೇ ಕೋಣೆಯಲ್ಲಿ, ಒಂದೇ ಕೈಗಳಿಂದ ಹುಟ್ಟಿದ ಹಾಡುಗಳು ಎರಡು ಹೊದಿಕೆಗಳ ನಡುವೆ ಹಂಚಿಹೋದವು. ಈ ಹಂಚಿಕೆಯಿಂದ ‘ಚಿರ್ಪಿಂಗ್ ಕ್ರಿಕೆಟ್ಸ್’ಗೆ ನಷ್ಟವಾಯಿತೆಂದೇ ನನ್ನ ಅಭಿಪ್ರಾಯ. ‘ಪೆಗ್ಗಿ ಸೂ’ ಇದರೊಳಗಿದ್ದಿದ್ದರೆ ಆ ದಶಕದ ಬೇರೆ ಯಾವ ರಾಕ್ ಅಂಡ್ ರೋಲ್ ಆಲ್ಬಮ್ಮೂ ಇದರ ಪಕ್ಕ ನಿಲ್ಲುತ್ತಿರಲಿಲ್ಲ. 1958ರ ಏಪ್ರಿಲ್‌ನಲ್ಲಿ ಡೆಕ್ಕಾ ಕೂಡ ಕಪಾಟಿನಲ್ಲಿ ಬಿದ್ದಿದ್ದ ನ್ಯಾಶ್‌ವಿಲ್ ಟೇಪುಗಳನ್ನು ಕೊಡವಿ ‘ದಟ್ಲ್ ಬಿ ದ ಡೇ’ ಹೆಸರಿನ ಆಲ್ಬಂ ತಂದಿತು.

ಆದರೂ ಆ ಷರತ್ತಿಗೆ ಒಂದು ಋಣ ಸಲ್ಲಬೇಕು. ಡೆಕ್ಕಾ ಹೋಲಿಯನ್ನು ಉಳಿಸಿಕೊಂಡಿದ್ದರೆ ಅವನು ನ್ಯಾಶ್‌ವಿಲ್‌ನ ಕೂಲಿ ವಾದ್ಯಗಾರರ ಮುಂದೆ ನಿಂತ ಒಬ್ಬ ಒಂಟಿ ಗಾಯಕನಾಗಿ ಉಳಿಯುತ್ತಿದ್ದ. ಹೆಸರು ಮರೆಮಾಡಬೇಕಾಗಿ ಬಂದದ್ದರಿಂದ ಒಂದು ತಂಡ ಹುಟ್ಟಿತು: ಎರಡು ಗಿಟಾರ್, ಒಂದು ಬಾಸ್, ಒಂದು ಡ್ರಮ್, ತಾವೇ ಬರೆದು ತಾವೇ ನುಡಿಸುವ ನಾಲ್ವರು ಗೆಳೆಯರು.

ಆ ಮಾದರಿ ಸಮುದ್ರ ದಾಟಿತು. 1958ರ ಮಾರ್ಚಿನಲ್ಲಿ ಹೋಲಿ, ಆಲಿಸನ್, ಮಾಲ್ಡಿನ್ ಬ್ರಿಟನ್ನಿನಲ್ಲಿ 25 ದಿನ ಊರೂರು ಸುತ್ತಿ ಹಾಡಿದರು. ಪ್ರವಾಸದ ದಣಿವಿಗೆ ಸಲಿವನ್ ಹಿಂದಿನ ಡಿಸೆಂಬರಿನಲ್ಲೇ ತಂಡ ಬಿಟ್ಟಿದ್ದ. ಅಲ್ಲಿ ಎರಡು ಹೆಸರಿನ ತಟ್ಟೆಗಳೂ ಕೋರಲ್ ಲೇಬಲ್ಲಿನಲ್ಲೇ ಬರುತ್ತಿದ್ದವು. ಏಪ್ರಿಲ್ ಆರಂಭದಲ್ಲಿ ಆಲ್ಬಂ ಅಲ್ಲಿನ ಪಟ್ಟಿಯಲ್ಲಿ 5ನೇ ಸ್ಥಾನ ಕಂಡಿತು. ಅದೇ ವರ್ಷ ಲಿವರ್‌ಪೂಲ್‌ನಲ್ಲಿ ಪರ್ಸಿ ಫಿಲಿಪ್ಸ್ ಎಂಬವರ ಮನೆಯ ಸಣ್ಣ ಸ್ಟುಡಿಯೊಗೆ ‘ಕ್ವಾರಿಮೆನ್’ ಹುಡುಗರು ಹೋಗಿ ತಮ್ಮ ಮೊತ್ತಮೊದಲ ತಟ್ಟೆ ಮಾಡಿಸಿಕೊಂಡರು. ಒಂದು ಬದಿಯಲ್ಲಿ ಅವರು ಹಾಡಿದ್ದು ‘ದಟ್ಲ್ ಬಿ ದ ಡೇ’. ಹಾಡಿದವನು ಜಾನ್ ಲೆನನ್. ಜೊತೆಯಲ್ಲಿ ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್. ಲಬ್ಬಕ್‌ನ ಹುಡುಗರು ಬೇಡವೆಂದು ಬಿಟ್ಟ ಕೀಟದ ಹೆಸರನ್ನು, ಒಂದು ಅಕ್ಷರ ಬದಲಿಸಿ, ಮುಂದೆ ಇವರು ಇಟ್ಟುಕೊಂಡರು.

ಹಣ ಮತ್ತು ಹೆಸರು

ರಚನೆಕಾರರ ಹೆಸರುಗಳಿಗೆ ಬರೋಣ. ‘ದಟ್ಲ್ ಬಿ ದ ಡೇ’ಯನ್ನು ಹೋಲಿ ಮತ್ತು ಆಲಿಸನ್ ಕ್ಲೋವಿಸ್‌ಗೆ ಕಾಲಿಡುವ ಮುಂಚೆಯೇ ಬರೆದಿದ್ದರು, ನ್ಯಾಶ್‌ವಿಲ್‌ನಲ್ಲಿ ಮುದ್ರಿಸಿಯೂ ಆಗಿತ್ತು. ಬ್ರನ್ಸ್‌ವಿಕ್ ತಟ್ಟೆಯ ಮೇಲೆ ಮೂರನೆಯ ಹೆಸರು ಸೇರಿತು: ಪೆಟ್ಟಿ. ‘ಓ ಬಾಯ್!’ ಮೇಲೆಯೂ ಪೆಟ್ಟಿ. ‘ಪೆಗ್ಗಿ ಸೂ’ ಮೇಲೆ ಮೊದಲು ಇದ್ದದ್ದು ಆಲಿಸನ್ ಮತ್ತು ಪೆಟ್ಟಿ ಮಾತ್ರ. ಹೋಲಿಯ ಹೆಸರು ಅವನು ಸತ್ತ ಮೇಲೆ, ಆಲಿಸನ್ ಪಟ್ಟು ಹಿಡಿದಾಗ ಸೇರಿತು. ಸ್ಟುಡಿಯೊದವರು, ರೇಡಿಯೊದವರು ಹಾಡಿನ ಪಾಲಿಗೆ ಹೆಸರು ಸೇರಿಸಿಕೊಳ್ಳುವುದು ಆ ಕಾಲದ ರೂಢಿ. ಪೆಟ್ಟಿ ಹಾಡಿಗಾಗಿ ಕೊಟ್ಟ ರಾತ್ರಿಗಳೂ ಕಡಿಮೆಯಲ್ಲ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದರೂ, ಹಾಡು ತನ್ನ ಬಾಗಿಲಿಗೆ ಬರುವ ಮೊದಲೇ ಪೂರ್ತಿಯಾಗಿದ್ದಾಗ ಅದರ ಮೇಲೆ ಹೆಸರು ಬರೆದುಕೊಳ್ಳುವುದನ್ನು ನಾನು ಒಪ್ಪಲಾರೆ. ರಚನೆಕಾರನ ಹೆಸರೆಂದರೆ ಬರಿಯ ಗೌರವದ ಮಾತಲ್ಲ, ತಟ್ಟೆ ಮಾರಿದಾಗಲೆಲ್ಲ ಬರುವ ರಾಯಲ್ಟಿ. ತಟ್ಟೆಯಿಂದ ಬರುವ ಹಣವೂ ಮೊದಲು ಪೆಟ್ಟಿಯ ಕೈಗೇ ಹೋಗುತ್ತಿತ್ತು, ಏಕೆಂದರೆ ಅವನು ತಂಡದ ವ್ಯವಸ್ಥಾಪಕನೂ ಆಗಿದ್ದ.

1958ರ ಆಗಸ್ಟ್ 15ರಂದು ಹೋಲಿ ನ್ಯೂಯಾರ್ಕಿನಲ್ಲಿ ಪರಿಚಯವಾಗಿದ್ದ ಮರಿಯಾ ಎಲೆನಾ ಸ್ಯಾಂಟಿಯಾಗೊಳನ್ನು ಮದುವೆಯಾದ. ಆ ವರ್ಷದ ಕೊನೆಯ ಹೊತ್ತಿಗೆ ಪೆಟ್ಟಿಯಿಂದ ಬೇರೆಯಾಗಲು ನಿರ್ಧರಿಸಿದ. ಗೆಳೆಯರಿಬ್ಬರು ಪೆಟ್ಟಿಯ ಜೊತೆ ಕ್ಲೋವಿಸ್‌ನಲ್ಲೇ ಉಳಿದರು, ‘ಕ್ರಿಕೆಟ್ಸ್’ ಹೆಸರೂ ಅವರ ಜೊತೆ ಉಳಿಯಿತು. ಬರಬೇಕಾದ ಹಣ ಪೆಟ್ಟಿಯ ಬಳಿಯೇ ಸಿಕ್ಕಿಹಾಕಿಕೊಂಡಿತು. ಕೈ ಬರಿದಾದ ಹೋಲಿ ಮಧ್ಯ ಪಶ್ಚಿಮ ರಾಜ್ಯಗಳ ಕೊರೆಯುವ ಚಳಿಯಲ್ಲಿ ಬಸ್ಸಿನಲ್ಲಿ ಸುತ್ತುವ ‘ವಿಂಟರ್ ಡಾನ್ಸ್ ಪಾರ್ಟಿ’ ಪ್ರವಾಸಕ್ಕೆ ಒಪ್ಪಿಕೊಂಡ. ಜೊತೆಗೆ ಬಂದವರು ಟಾಮಿ ಆಲ್ಸಪ್, ವೇಲನ್ ಜೆನಿಂಗ್ಸ್, ಕಾರ್ಲ್ ಬಂಚ್, ಹೊಸ ಹುಡುಗರು. 1959ರ ಫೆಬ್ರವರಿ 2ರ ರಾತ್ರಿ ಅಯೋವಾದ ಕ್ಲಿಯರ್ ಲೇಕ್‌ನಲ್ಲಿ ಹಾಡಿದ ಮೇಲೆ ಅವನು ಬಸ್ಸು ಬಿಟ್ಟು ಸಣ್ಣ ವಿಮಾನ ಹತ್ತಿದ. ಜೊತೆಗೆ ಅದೇ ಪ್ರವಾಸದ ಗಾಯಕರಾದ ರಿಚಿ ವ್ಯಾಲೆನ್ಸ್, ಜೆ. ಪಿ. ರಿಚರ್ಡ್‌ಸನ್, ಪೈಲಟ್ ರೋಜರ್ ಪೀಟರ್ಸನ್. ವಿಮಾನ ಏರಿದ ಕೆಲವೇ ನಿಮಿಷಗಳಲ್ಲಿ ಹೊಲವೊಂದಕ್ಕೆ ಬಿತ್ತು, ಯಾರೂ ಉಳಿಯಲಿಲ್ಲ. ಹೋಲಿಗೆ 22 ವರ್ಷ.

ಡೆಕ್ಕಾದ ಆ ಐದು ವರ್ಷದ ಷರತ್ತಿನ ಅವಧಿ ಆಗಿನ್ನೂ ಮುಗಿದಿರಲಿಲ್ಲ. 1962ರಲ್ಲಿ ಕೋರಲ್ ಇದೇ ಆಲ್ಬಮ್ಮನ್ನು ‘ಬಡ್ಡಿ ಹೋಲಿ ಅಂಡ್ ದ ಕ್ರಿಕೆಟ್ಸ್’ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಮರೆಯಲ್ಲಿದ್ದ ಹೆಸರು ಈಗ ಹೊದಿಕೆಯಲ್ಲಿ ಮುಂದೆ ಬಂತು, ತಂಡದ ಹೆಸರು ಹಿಂದೆ ಸರಿಯಿತು. 1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ತನ್ನ ಮೊದಲ ಸಾಲಿನಲ್ಲೇ ಹೋಲಿಯನ್ನು ಸೇರಿಸಿಕೊಂಡಾಗ ತಂಡವನ್ನು ಬಿಟ್ಟಿತ್ತು. ಆಲಿಸನ್, ಮಾಲ್ಡಿನ್, ಸಲಿವನ್ ಹೆಸರು ಅಲ್ಲಿ ಸೇರಲು 2012 ಬರಬೇಕಾಯಿತು. ಸಲಿವನ್ ಅಷ್ಟರಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು.

ಲಬ್ಬಕ್‌ನ ಸ್ಮಶಾನದಲ್ಲಿ ಹೋಲಿಯ ಸಮಾಧಿಗೆ ಮನೆಯವರು ಹಾಕಿಸಿದ ಕಲ್ಲು ನೆಲಕ್ಕೆ ಒರಗಿದಂತಿದೆ. ಒಂದು ಗಿಟಾರಿನ ಚಿತ್ರ ಕೆತ್ತಿದ್ದಾರೆ, ‘ನಮ್ಮವನೇ ಆದ ಬಡ್ಡಿ’ ಎಂಬರ್ಥದ ಮಾತು, ಹುಟ್ಟಿದ ಮತ್ತು ಸತ್ತ ದಿನ. ಹೆಸರಿನಲ್ಲಿ, ‘ವೈ’ಗೆ ಮುಂಚೆ, ಡೆಕ್ಕಾದ ಕರಾರಿನಲ್ಲಿ ಬಿಟ್ಟುಹೋಗಿದ್ದ ಆ ‘ಇ’ ಇದೆ.